ಆಟದ ನಿಯಮ ಯಾರ ಕೈಯಲ್ಲಿದೆ?

ವಾರದ ಕೊನೆಗೆ ಕಲೆತು ಆಡಬೇಕೆಂದು ನಾಲ್ವರು ಗೆಳೆಯರು ಮಾತಾಡಿಕೊಳ್ಳುವುದನ್ನು ನೀವು ಒಮ್ಮೆ ಕಿವಿಗೊಟ್ಟು ಕೇಳಿರಿ. ಶನಿವಾರದ ಆಟಕ್ಕೆ ಮಂಗಳವಾರವೇ ಮಾತು ಮೊದಲಾಗುತ್ತದೆ. ಒಬ್ಬನು ಹೊಸದಾಗಿ ಬಂದ ವಿಡಿಯೋ ಗೇಮ್ ಒಂದರ ಸುದ್ದಿ ತೆಗೆಯುತ್ತಾನೆ. ಪರದೆ ನೋಡಿ ನೋಡಿ ಸಾಕಾಯಿತು, ಈ ಸಲ ಮೇಜಿನ ಸುತ್ತ ಕುಳಿತು ಆಡುವ ಆಟವಿರಲಿ ಎಂದು ಇನ್ನೊಬ್ಬಳು ಹೇಳುತ್ತಾಳೆ. ಮೂರನೆಯವನಿಗೆ ಸಂಜೆ ಆರರ ಮೇಲಲ್ಲದೆ ಬಿಡುವಿಲ್ಲ. ನಾಲ್ಕನೆಯವಳು, ಹೋದ ಸಲ ಅರ್ಧಕ್ಕೆ ನಿಂತ ಆಟವನ್ನು ಎಲ್ಲಿಂದ ಮುಂದುವರಿಸಬೇಕೆಂದು ಲೆಕ್ಕ ತೆಗೆದು ಕೂರುತ್ತಾಳೆ. ಆಟ ಮೂರು ಗಂಟೆಯದಾದರೆ ಅದರ ಮಾತು ಮೂರು ದಿನದ್ದು. ಮನೆಯ ಹಿರಿಯರು ಇದನ್ನು ಕೇಳಿ, ಆಟಕ್ಕೆ ಹೊತ್ತು ಕಳೆಯುವುದು ಹೋಗಲಿ, ಆಟದ ಮಾತಿಗೂ ಇಷ್ಟು ಹೊತ್ತೇ ಎಂದು ಬೇಸರಪಡುವುದುಂಟು.

ಆ ಬೇಸರ ಅರ್ಥವಾಗುವಂಥದೇ. ಆದರೆ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದರಲ್ಲಿ ಮೂರು ಪ್ರಶ್ನೆಗಳು ಇರುವುದು ಕಾಣುತ್ತದೆ. ಯಾರು ಯಾರು ಕೂಡಬೇಕು? ಏನನ್ನು ಆಡಬೇಕು? ಯಾವ ನಿಯಮದಂತೆ ಆಡಬೇಕು? ಮೊದಲೆರಡಕ್ಕೆ ಹೇಗೋ ಉತ್ತರ ಸಿಕ್ಕುತ್ತದೆ. ಮೂರನೆಯದು ಮೇಲುನೋಟಕ್ಕೆ ಸಣ್ಣದಾಗಿ ಕಂಡರೂ ಅದರ ಹಿಂದೆ ದೊಡ್ಡ ವಿಷಯವೊಂದು ಅಡಗಿದೆ. ಆಟದ ನಿಯಮ ಯಾರ ಹತ್ತಿರ ಇದೆ? ಅದನ್ನು ಕಾಯುವವರು ಯಾರು? ಅದು ಬದಲಾಗಬೇಕಾದರೆ ಯಾರ ಅಪ್ಪಣೆ ಬೇಕು? ಈ ಒಂದು ಎಳೆಯನ್ನು ಹಿಡಿದು ಹೊರಟರೆ, ಜಗಲಿಯ ಮೇಲೆ ಬಳಪದಲ್ಲಿ ಗೀಚಿದ ಚೌಕಾಬಾರದಿಂದ ಇಂದಿನ ವಿಡಿಯೋ ಗೇಮಿನವರೆಗೆ ನೇರವಾದ ದಾರಿ ಸಿಕ್ಕುತ್ತದೆ.

ಚೌಕಾಬಾರದಿಂದಲೇ ಆರಂಭಿಸೋಣ. ಉದ್ದಕ್ಕೆ ಐದು, ಅಗಲಕ್ಕೆ ಐದು, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೀಟು ಹಾಕಿರುತ್ತದೆ. ಅಲ್ಲಿರುವ ಕಾಯನ್ನು ಯಾರೂ ಹೊಡೆಯುವಂತಿಲ್ಲ. ಆಡುವವರು ಹೆಚ್ಚೆಂದರೆ ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿ ಎಂದರೆ ಬಳೆಚೂರು, ಹುಣಸೆಬೀಜ, ಅಂಗಿಯ ಗುಂಡಿ, ಕೈಗೆ ಸಿಕ್ಕಿದ್ದು. ನಾಲ್ಕು ಕವಡೆ ಚೆಲ್ಲಿದಾಗ ಬಾಯಿ ಮೇಲಾಗಿ ಎಷ್ಟು ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಹೊರಸುತ್ತು ಮುಗಿಸಿ, ಒಳಸುತ್ತು ಹೊಕ್ಕು, ನಡುಮನೆ ಸೇರಿದ ಕಾಯಿ ಹಣ್ಣಾಯಿತು.

ಇದರಲ್ಲಿ ಅದೃಷ್ಟ ಎಷ್ಟೆಂಬುದನ್ನು ಲೆಕ್ಕಹಾಕಬಹುದು. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, ನಾಲ್ಕು ಕವಡೆ ಬೀಳುವ ಬಗೆಗಳು 16. ಅವುಗಳಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ, ಒಂದು ಬೀಳುವುದು ನಾಲ್ಕು ಬಗೆಯಲ್ಲಿ, ಮೂರು ಬೀಳುವುದೂ ನಾಲ್ಕು ಬಗೆಯಲ್ಲಿ. ಚೌಕಕ್ಕೆ ಒಂದೇ ಬಗೆ, ಬಾರಕ್ಕೂ ಒಂದೇ ಬಗೆ. ಆದ್ದರಿಂದಲೇ ಬಾರ ಬಿದ್ದಾಗ ಕೇಕೆ ಏಳುವುದು. ನಿಜವಾದ ಕವಡೆಯಾದರೋ ಹೀಗೆ ಸಮನಾಗಿ ಬೀಳುವ ವಸ್ತುವಲ್ಲ. ಒಂದೊಂದರ ಉಬ್ಬು ಒಂದೊಂದು ತರಹ. “ನಮ್ಮ ಮನೆಯ ಕವಡೆಗೆ ಬಾರ ಹೆಚ್ಚು” ಎಂದು ಅಜ್ಜಿ ಹೇಳಿದರೆ ಅದು ಬರಿಯ ಜಂಬವಾಗಿರಬೇಕಿಲ್ಲ.

ಇನ್ನು ನಿಯಮಕ್ಕೆ ಬರೋಣ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿದೆಯೋ ಇಲ್ಲವೋ? ಒಂದೇ ಮನೆಯಲ್ಲಿ ತನ್ನ ಎರಡು ಕಾಯಿ ಕೂಡಿದರೆ ಅದು ಗಟ್ಟಿಯೋ, ಅದನ್ನು ಒಂಟಿ ಕಾಯಿ ಹೊಡೆಯಬಹುದೋ? ಮೇಲಿಂದ ಮೇಲೆ ಮೂರು ಸಲ ಬಾರ ಬಿದ್ದರೆ ಲೆಕ್ಕಕ್ಕುಂಟೋ, ಸುಟ್ಟುಹೋಗುತ್ತದೋ? ಗೋಡೆಗೆ ಒರಗಿ ನಿಂತ ಕವಡೆಯನ್ನು ಹೇಗೆ ಎಣಿಸಬೇಕು? ಈ ಪ್ರಶ್ನೆಗಳಿಗೆ ನಾಡಿನಲ್ಲೆಲ್ಲ ಒಂದೇ ಉತ್ತರವಿಲ್ಲ. ಊರಿಂದ ಊರಿಗೆ, ಒಂದೇ ಊರಿನಲ್ಲಿ ಬೀದಿಯಿಂದ ಬೀದಿಗೆ ವ್ಯತ್ಯಾಸವುಂಟು. ಹೊಸ ಸೊಸೆ ಮನೆಗೆ ಬಂದು ಮೊದಲ ಸಲ ಆಟಕ್ಕೆ ಕುಳಿತಾಗ, “ನಮ್ಮ ಕಡೆ ಹೀಗಲ್ಲ ಅತ್ತೆ” ಎಂದು ಬಾಯಿ ತೆರೆಯುವ ಸಂದರ್ಭಗಳಲ್ಲಿ ಇದೂ ಒಂದು. ಆಗ ನಾಲ್ಕು ಮಾತು ಆಗಿ, ಯಾವ ಕಡೆಯ ಪದ್ಧತಿ ಎಂದು ತೀರ್ಮಾನವಾಗಿ, ಆಮೇಲೆ ಕವಡೆ ಬೀಳುತ್ತದೆ.

ಇಲ್ಲಿ ನಿಯಮಕ್ಕೆ ಬೇರೆ ಕಾವಲುಗಾರನಿಲ್ಲ. ಆಡುವವರೇ ನಿಯಮವನ್ನು ಒಪ್ಪಿಕೊಂಡವರು, ಅವರೇ ಕಾಯುವವರು. ಮೋಸ ಮಾಡುವುದಕ್ಕೆ ಅವಕಾಶವಿದ್ದೂ ಮಾಡದಿರುವುದು, ಮಾಡಿದವನನ್ನು ನಗುನಗುತ್ತ ಹಿಡಿದು ನಿಲ್ಲಿಸುವುದು, ತನಗೆ ನಷ್ಟವಾದರೂ ಎಲ್ಲರೂ ಒಪ್ಪಿದ್ದನ್ನು ಒಪ್ಪುವುದು—ಇವನ್ನು ಮಗು ಪಾಠವೆಂದು ತಿಳಿಯದೆಯೇ ಕಲಿಯುತ್ತದೆ. ಈ ಒಪ್ಪಂದ ಕೆಟ್ಟರೆ ಏನಾಗುತ್ತದೆಂಬುದನ್ನೂ ನಮ್ಮ ಜನ ಬಲ್ಲರು. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆಮಣೆ ಆಡುತ್ತ ಜಗಳಕ್ಕೆ ಬೀಳುತ್ತಾರೆ. ಜಗಳ ಸಾವಿನಲ್ಲಿ ಮುಗಿಯುತ್ತದೆ. ಒಡಹುಟ್ಟಿದವರು ಎದುರುಬದುರಾಗಿ ಕುಳಿತು ಚೆನ್ನೆ ಆಡಬಾರದೆಂಬ ನಂಬಿಕೆ ಅಲ್ಲಿ ಈ ಕಥೆಯೊಡನೆ ಬೆಳೆದು ಬಂದಿದೆ. ಏಳೇಳು ಕುಳಿಗಳ ಎರಡು ಸಾಲು, ಒಂದು ಹಿಡಿ ಕಾಳು, ಆಟ ಅಷ್ಟೇ. ಆದರೂ ಆಟವನ್ನು ಹಗುರವಾಗಿ ಎಣಿಸಬೇಡಿರೆಂದು ಎಚ್ಚರಿಸುವ ಕಥೆಯೊಂದು ಅದಕ್ಕೆ ಕಾವಲಾಗಿ ನಿಂತಿದೆ.

ಬಾಯಿಂದ ಬಾಯಿಗೆ ಬಂದ ನಿಯಮವನ್ನು ಬರೆದಿಡುವುದು ಮುಂದಿನ ಹೆಜ್ಜೆ. ಈ ವಿಷಯದಲ್ಲಿ ಕನ್ನಡನಾಡಿಗೆ ಒಂದು ಹೆಮ್ಮೆಯ ಹೆಸರಿದೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1868ರಲ್ಲಿ ತೀರಿಕೊಂಡ ಈ ಅರಸರು ತಮ್ಮ ಬುದ್ಧಿಯನ್ನು ಕಲೆ ಗ್ರಂಥಗಳ ಜೊತೆಗೆ ಆಟಗಳ ಮೇಲೂ ಹರಿಸಿದರು. ಹಳೆಯ ಆಟಗಳನ್ನು ಸಂಗ್ರಹಿಸಿದರು, ಹೊಸ ಹಾಸುಗಳನ್ನು ರಚಿಸಿದರು, ಗಂಜೀಫಾ ಎಲೆಗಳ ಆಟಗಳನ್ನು ವಿಸ್ತರಿಸಿದರು. ಚದುರಂಗದ 64 ಮನೆಗಳಲ್ಲಿ ಕುದುರೆಯು ಒಂದೊಂದನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ಹೆಣೆದರು. ಅವರ ಹೆಸರಿನ ಶ್ರೀತತ್ತ್ವನಿಧಿ ಎಂಬ ಬೃಹದ್ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ದೊರೆತಿದೆ. ದೇವತೆಗಳ ಧ್ಯಾನಶ್ಲೋಕಗಳಿರುವ ಗ್ರಂಥದಲ್ಲಿಯೇ ಆಟಕ್ಕೂ ಒಂದು ಭಾಗ ಸಂದಿತೆಂಬುದನ್ನು, ಆಟವನ್ನು ಹಾಳುಹೊತ್ತಿನ ಕೆಲಸವೆನ್ನುವವರು ಗಮನಿಸಬೇಕು. ಬರಹಕ್ಕಿಳಿದ ನಿಯಮ ಆಡುವವರ ನೆನಪನ್ನು ಮೀರಿ ಬಾಳುತ್ತದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದಂಥ ಸಂಸ್ಥೆಗಳು ಹಳೆಯ ಹಾಸುಗಳನ್ನು ಮತ್ತೆ ಜನರ ಮುಂದೆ ತಂದುದಕ್ಕೆ ಇಂಥ ಬರಹಗಳೂ ಆಧಾರ.

ಈಗ ಯಂತ್ರದ ಕಡೆಗೆ ತಿರುಗೋಣ. ವಿಡಿಯೋ ಗೇಮ್ ಎಂದೊಡನೆ ಒಬ್ಬನೇ ಮೂಲೆಯಲ್ಲಿ ಕುಳಿತು ಪರದೆಯನ್ನು ದಿಟ್ಟಿಸುವ ಹುಡುಗನ ಚಿತ್ರ ನಿಮ್ಮ ಕಣ್ಣಿಗೆ ಬರಬಹುದು. ಅದರ ಹುಟ್ಟು ಹಾಗಿರಲಿಲ್ಲ. 1958ರ ಅಕ್ಟೋಬರಿನಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯವನ್ನು ನೋಡಲು ಬರುವ ಜನರ ವಿನೋದಕ್ಕೆಂದು ವಿಲಿಯಂ ಹಿಗಿನ್‌ಬೋಥಮ್ ಎಂಬ ಭೌತವಿಜ್ಞಾನಿ ಒಂದು ಸಣ್ಣ ಪರದೆಯ ಮೇಲೆ ಟೆನಿಸ್ ಆಟವನ್ನು ಮೂಡಿಸಿದರು. ಬೆಳಕಿನ ಚುಕ್ಕೆಯೊಂದು ಬಲೆಯ ಆಚೆಗೂ ಈಚೆಗೂ ಹಾರುತ್ತಿತ್ತು. ಅದನ್ನು ಆಡಲು ಇಬ್ಬರು ಬೇಕಾಗಿತ್ತು. 1962ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು ಕಂಪ್ಯೂಟರಿನ ಮೇಲೆ ರಚಿಸಿದ ‘ಸ್ಪೇಸ್‌ವಾರ್’ ಆಟದಲ್ಲಿ ಎರಡು ಆಕಾಶನೌಕೆಗಳು ಒಂದನ್ನೊಂದು ಹೊಡೆಯಲು ಹವಣಿಸುತ್ತಿದ್ದವು. ಅದಕ್ಕೂ ಇಬ್ಬರು ಬೇಕು. ಆ ಆಟದಲ್ಲಿ ಯಂತ್ರಕ್ಕೆ ಎದುರಾಳಿಯಾಗಿ ನಿಂತು ಆಡುವಷ್ಟು ಶಕ್ತಿ ಮಿಗುತ್ತಿರಲಿಲ್ಲ. ಹೀಗೆ ಈ ಎರಡೂ ಆಟಗಳು ಜೊತೆಗಾರರನ್ನು ಬೇಡುವ ಆಟಗಳೇ ಆಗಿದ್ದವು.

ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಮೊದಲ ಸಲಕರಣೆ ಮಾರಾಟಕ್ಕೆ ಬಂದದ್ದು 1972ರಲ್ಲಿ. ರಾಲ್ಫ್ ಬೇಯರ್ ಎಂಬ ಎಂಜಿನಿಯರರ ಕಲ್ಪನೆಯ ಫಲವಾದ ಅದರ ಹೆಸರು ಮ್ಯಾಗ್ನವಾಕ್ಸ್ ಒಡಿಸ್ಸಿ. ಅದರ ಪೆಟ್ಟಿಗೆ ತೆರೆದರೆ ಏನೇನಿತ್ತು ಗೊತ್ತೇ? ಯಂತ್ರದ ಜೊತೆಗೆ ದಾಳಗಳಿದ್ದವು, ಎಲೆಗಳಿದ್ದವು, ಆಟದ ನೋಟುಗಳಿದ್ದವು, ಟೆಲಿವಿಷನ್ ಪರದೆಗೆ ಅಂಟಿಸುವ ಬಣ್ಣದ ಹಾಳೆಗಳಿದ್ದವು. ಪರದೆಯ ಮೇಲೆ ಕೆಲವು ಬೆಳಕಿನ ಚೌಕಗಳನ್ನೂ ಒಂದು ಗೆರೆಯನ್ನೂ ತೋರಿಸುವುದಷ್ಟೇ ಯಂತ್ರದ ಕೆಲಸ. ಅದಕ್ಕೆ ಸದ್ದಿಲ್ಲ; ಅಂಕ ಎಣಿಸಲೂ ಬಾರದು. ಯಾರು ಗೆದ್ದರೆಂದು ಆಡುವವರೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಮೇಜಿನ ಆಟವೂ ಪರದೆಯ ಆಟವೂ ಬೇರೆ ಬೇರೆ ಕುಲದವೆಂದು ಈಗ ವಾದಿಸುವವರು ಈ ಪೆಟ್ಟಿಗೆಯನ್ನು ನೆನೆಯಬೇಕು. ಅದರಲ್ಲಿ ಎರಡೂ ಒಟ್ಟಿಗೆ ಇದ್ದವು, ನಿಯಮ ಇನ್ನೂ ಮನುಷ್ಯನ ಕೈಯಲ್ಲೇ ಇತ್ತು.

ಅದೇ 1972ರಲ್ಲಿ ಅಟಾರಿ ಕಂಪನಿಯ ‘ಪಾಂಗ್’ ಬಂದಿತು. ನಾಣ್ಯ ಹಾಕಿ ಆಡುವ ಈ ಯಂತ್ರಕ್ಕೂ ಇಬ್ಬರು ಬೇಕಿತ್ತು. ಆದರೆ ಇದು ಅಂಕಗಳನ್ನು ತಾನೇ ಎಣಿಸಿ ಪರದೆಯ ಮೇಲೆ ತೋರಿಸುತ್ತಿತ್ತು. ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬ ತೀರ್ಪನ್ನು ಯಂತ್ರವೇ ಕೊಡುತ್ತಿತ್ತು. 1978ರಲ್ಲಿ ಜಪಾನಿನಿಂದ ಬಂದ ‘ಸ್ಪೇಸ್ ಇನ್‌ವೇಡರ್ಸ್’ ಹೊತ್ತಿಗೆ ಯಂತ್ರವು ಎದುರಾಳಿಯ ಜಾಗದಲ್ಲೂ ಕುಳಿತಿತ್ತು. ಎಣಿಕೆ, ತೀರ್ಪು, ಎದುರಾಟ—ಜೊತೆಗಾರರು ಮಾಡುತ್ತಿದ್ದ ಮೂರು ಕೆಲಸಗಳನ್ನೂ ಅದು ಒಂದೊಂದಾಗಿ ವಹಿಸಿಕೊಂಡಿತು.

ಇದರಿಂದಾದ ಲಾಭ ಸಣ್ಣದಲ್ಲ. ಮನುಷ್ಯನು ಲೆಕ್ಕವಿಡಲಾರದಷ್ಟು ತೊಡಕಿನ ನಿಯಮಗಳನ್ನು ಯಂತ್ರ ಕ್ಷಣಾರ್ಧದಲ್ಲಿ ನಡೆಸುತ್ತದೆ. ಒಂದು ಊರನ್ನು ಕಟ್ಟಿ ಬೆಳೆಸುವ ಆಟ, ವಿಮಾನ ಹಾರಿಸುವ ಆಟ ಮೇಜಿನ ಮೇಲೆ ಆಗುವ ಕೆಲಸವಲ್ಲ. ಜೊತೆ ಸಿಕ್ಕದ ದಿನವೂ ಆಟ ಉಂಟು. “ನೀನು ಮೋಸ ಮಾಡಿದೆ” ಎಂಬ ಜಗಳ ಕಡಿಮೆ. ನಷ್ಟ ಯಾವುದೆಂದರೆ, “ಈ ಸಲ ಹೀಗೆ ಆಡೋಣವೇ?” ಎಂಬ ಮಾತಿಗೆ ಅಲ್ಲಿ ಕಿವಿಯಿಲ್ಲ. ಚಿಕ್ಕ ತಂಗಿ ಆಟಕ್ಕೆ ಬಂದರೆ ಅವಳ ಕಾಯನ್ನು ಹೊಡೆಯುವುದು ಬೇಡವೆಂದು ಜಗಲಿಯ ಮೇಲೆ ಒಂದು ಕಣ್ಣಸನ್ನೆಯಲ್ಲಿ ತೀರ್ಮಾನವಾಗುತ್ತದೆ. ಯಂತ್ರದಲ್ಲಿ ಅದನ್ನು ತಯಾರಕರು ಮೊದಲೇ ಯೋಚಿಸಿ ಇಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಯಂತ್ರ ಹೀಗೆ ಬಲಿಯುತ್ತಿದ್ದ ಕಾಲದಲ್ಲಿಯೇ ಇನ್ನೊಂದು ಬಗೆಯ ಆಟ ಮೇಜಿನ ಮೇಲೆ ಹುಟ್ಟಿತು. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಮೂರು ಸಣ್ಣ ಪುಸ್ತಕಗಳ ರೂಪದಲ್ಲಿ ಹೊರತಂದರು. ಪಾತ್ರ ವಹಿಸಿ ಆಡುವ ಈ ಆಟಕ್ಕೆ ಕಾಯಿ ನಡೆಸುವ ಹಾಸು ಇಲ್ಲದಿದ್ದರೂ ನಡೆಯುತ್ತದೆ. ಒಬ್ಬರು ಕಥೆಯ ಸೂತ್ರಧಾರರು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಸೂತ್ರಧಾರರು, “ನೀವೀಗ ಹಾಳುಕೋಟೆಯ ಬಾಗಿಲ ಮುಂದೆ ನಿಂತಿದ್ದೀರಿ, ಒಳಗಿನಿಂದ ದೀಪದ ಬೆಳಕು ಕಾಣುತ್ತಿದೆ. ಏನು ಮಾಡುತ್ತೀರಿ?” ಎಂದು ಕೇಳುತ್ತಾರೆ. ಒಬ್ಬನು ಬಾಗಿಲು ಒದೆಯುತ್ತೇನೆ ಎನ್ನುತ್ತಾನೆ. ಬಾಗಿಲು ಎಷ್ಟು ಗಟ್ಟಿ ಎಂದು ಸೂತ್ರಧಾರರು ಒಂದು ಅಂಕಿ ಗೊತ್ತುಮಾಡುತ್ತಾರೆ, 15 ಎಂದಿಟ್ಟುಕೊಳ್ಳಿ. ಅವನು 20 ಮುಖದ ದಾಳ ಉರುಳಿಸುತ್ತಾನೆ. 15 ಅಥವಾ ಅದಕ್ಕಿಂತ ಹೆಚ್ಚು ಬರುವ ಮುಖಗಳು 20ರಲ್ಲಿ ಆರೇ. ಪಾತ್ರ ಬಲಶಾಲಿಯಾಗಿದ್ದರೆ ದಾಳದ ಅಂಕಿಗೆ ಇನ್ನೆರಡೋ ಮೂರೋ ಕೂಡುತ್ತದೆ. ಬಾಗಿಲು ಮುರಿದರೆ ಕಥೆ ಒಂದು ಕಡೆಗೆ, ಮುರಿಯದಿದ್ದರೆ ಇನ್ನೊಂದು ಕಡೆಗೆ ತಿರುಗುತ್ತದೆ.

ನಮ್ಮ ಓದುಗರಿಗೆ ಇದನ್ನು ತಿಳಿಸಲು ತಾಳಮದ್ದಳೆಗಿಂತ ಒಳ್ಳೆಯ ಹೋಲಿಕೆ ದೊರೆಯಲಾರದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಸಾಲಾಗಿ ಕುಳಿತು ತಮ್ಮ ತಮ್ಮ ಪಾತ್ರದ ಮಾತನ್ನು ಅಲ್ಲಿಯೇ ಹೊಸೆಯುತ್ತಾರೆ. ಪ್ರಸಂಗದ ಲಗಾಮು ಭಾಗವತರ ಕೈಯಲ್ಲಿರುತ್ತದೆ. ಈ ಆಟದ ಸೂತ್ರಧಾರರ ಸ್ಥಾನವೂ ಬಹುಮಟ್ಟಿಗೆ ಅಂಥದೇ. ಒಂದು ವ್ಯತ್ಯಾಸ ಮಾತ್ರ ಉಂಟು. ಕರ್ಣನು ಎಷ್ಟು ಚೆನ್ನಾಗಿ ವಾದಿಸಿದರೂ ಪ್ರಸಂಗದ ಕೊನೆ ಬದಲಾಗದು. ಈ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. ಸೂತ್ರಧಾರರಿಗೂ ಪೂರ್ತಿ ಗೊತ್ತಿಲ್ಲ. “ಕಾವಲುಗಾರನಿಗೆ ಕಥೆ ಹೇಳಿ ನಿದ್ದೆ ಬರಿಸುತ್ತೇನೆ” ಎಂದು ಒಬ್ಬಳು ಹೇಳಿದರೆ, ಪುಸ್ತಕದಲ್ಲಿ ಅದಕ್ಕೆ ನಿಯಮವಿಲ್ಲದಿದ್ದರೂ, ಆಗಲಿ ದಾಳ ಉರುಳಿಸು ಎಂದು ಅವರು ಒಪ್ಪಬಹುದು. ನಿಯಮವು ಪುಸ್ತಕದಲ್ಲಿದೆ, ಆದರೆ ಅದನ್ನು ಸಂದರ್ಭಕ್ಕೆ ತಕ್ಕಂತೆ ಬಗ್ಗಿಸುವ ಅಧಿಕಾರ ಮೇಜಿನ ಸುತ್ತ ಕುಳಿತವರ ನಡುವೆ ಇದೆ.

ಮೇಜಿಗೂ ಯಂತ್ರಕ್ಕೂ ಅಂದಿನಿಂದ ಕೊಡುಕೊಳ್ಳುವಿಕೆ ನಡೆಯುತ್ತಲೇ ಬಂದಿದೆ. ಈ ಆಟವನ್ನು ಆಡುತ್ತಿದ್ದ ವಿಲ್ ಕ್ರೌದರ್ ಎಂಬವರು, ಗುಹೆಗಳನ್ನು ಹೊಕ್ಕು ನೋಡುವ ತಮ್ಮ ಹವ್ಯಾಸವನ್ನೂ ಅದಕ್ಕೆ ಬೆರೆಸಿ, 1970ರ ದಶಕದ ನಡುವಿನಲ್ಲಿ ಬರಿಯ ಅಕ್ಷರಗಳಲ್ಲಿ ನಡೆಯುವ ‘ಅಡ್ವೆಂಚರ್’ ಎಂಬ ಕಂಪ್ಯೂಟರ್ ಆಟವನ್ನು ಬರೆದರು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು, ಅನೇಕರು ಒಟ್ಟಿಗೆ ಹೊಕ್ಕು ಆಡುವಂಥ ಆಟವನ್ನು ಆರಂಭಿಸಿದರು. 2023ರಲ್ಲಿ ಬೆಲ್ಜಿಯಂ ದೇಶದ ಲೇರಿಯನ್ ಸ್ಟುಡಿಯೋಸ್ ಹೊರತಂದ ‘ಬಾಲ್ಡರ್ಸ್ ಗೇಟ್ 3’ ಎಂಬ ವಿಡಿಯೋ ಗೇಮಿನಲ್ಲಿ ನಾಲ್ವರವರೆಗೆ ಕೂಡಿ ಆಡಬಹುದು. ಅದರ ಪರದೆಯ ಮೇಲೆ ಉರುಳುವುದು ಅದೇ 20 ಮುಖದ ದಾಳ. 1986ರಲ್ಲಿ ಮಾಸ್ಕೋದಲ್ಲಿ ದಿಮಿತ್ರಿ ದವೀದಫ್ ಎಂಬ ವಿದ್ಯಾರ್ಥಿ ರಚಿಸಿದ ‘ಮಾಫಿಯಾ’ ಎಂಬ ಮಾತಿನ ಆಟವಿದೆ. ಸುತ್ತ ಕುಳಿತವರಲ್ಲಿ ಕಳ್ಳರು ಯಾರೆಂದು ಮಾತಿನಿಂದಲೇ ಪತ್ತೆ ಮಾಡಬೇಕು. 2018ರಲ್ಲಿ ಬಂದು 2020ರಲ್ಲಿ ಲೋಕವೆಲ್ಲ ಆಡಿದ ‘ಅಮಾಂಗ್ ಅಸ್’ ಎಂಬ ವಿಡಿಯೋ ಗೇಮ್ ಅದೇ ಬೀಜದ ಮರ. ಇತ್ತ ಮೇಜಿನ ಕಡೆಯಲ್ಲಿ 1995ರಲ್ಲಿ ಜರ್ಮನಿಯ ಕ್ಲೌಸ್ ಟಾಯ್ಬರ್ ಅವರ ‘ಕಟಾನ್’ ಬಂದಿತು. ಅದರಲ್ಲಿ ಗೆಲ್ಲಬೇಕಾದರೆ ಎದುರಾಳಿಗಳೊಡನೆಯೇ ವ್ಯಾಪಾರ ಕುದುರಿಸಬೇಕು: ನನ್ನ ಹತ್ತಿರ ಕುರಿ ಇದೆ, ನೀನು ಇಟ್ಟಿಗೆ ಕೊಡುವೆಯಾ ಎಂದು. ಬಾಯಿ ಮುಚ್ಚಿಕೊಂಡು ಆಡಲಾಗದ ಆಟ ಅದು. ಬೆಂಗಳೂರಿನಂಥ ನಗರಗಳಲ್ಲಿ ಇಂಥ ಆಟಗಳನ್ನು ಜೋಡಿಸಿಟ್ಟ ಕಾಫಿ ಅಂಗಡಿಗಳೂ ಈಗ ಇವೆ.

ಜೊತೆಗಾರರು ಒಂದೇ ಊರಿನಲ್ಲಿ ಇಲ್ಲದಿದ್ದರೆ ಏನು ಮಾಡುವುದು? ಇದೂ ಹೊಸ ಪ್ರಶ್ನೆಯಲ್ಲ. 1945ರ ಸೆಪ್ಟೆಂಬರಿನಲ್ಲಿ, ಎರಡನೆಯ ಮಹಾಯುದ್ಧ ಮುಗಿದೊಡನೆ, ಅಮೆರಿಕದ ಮತ್ತು ಸೋವಿಯತ್ ದೇಶದ ಚದುರಂಗಪಟುಗಳು ರೇಡಿಯೋ ಮೂಲಕ ಪಂದ್ಯವಾಡಿದರು. ಒಂದೊಂದು ಕಡೆಗೆ ಹತ್ತು ಹತ್ತು ಮಂದಿ. ಒಬ್ಬರ ಮುಖವನ್ನೊಬ್ಬರು ಕಾಣದೆ, ಬಾನುಲಿಯ ಅಲೆಗಳ ಮೇಲೆ ನಡೆಗಳು ಮಾತ್ರ ಸಂಕೇತಗಳಾಗಿ ಹೋಗಿ ಬಂದವು. ಸೋವಿಯತ್ ತಂಡ 15½–4½ ಅಂಕಗಳಿಂದ ಗೆದ್ದಿತು. ಇಂದು ಇಂಟರ್‌ನೆಟ್ಟಿನಲ್ಲಿ ನಡೆಯ ಜೊತೆಗೆ ದನಿಯೂ ನಗುವೂ ಹೋಗುತ್ತವೆ. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಕುಳಿತಾಗ, ಮುಂಬಯಿಯ ಕಂಪನಿಯೊಂದು 2016ರಲ್ಲಿ ಹೊರತಂದಿದ್ದ ‘ಲೂಡೋ ಕಿಂಗ್’ ಆಟ ದೇಶದ ಮನೆಮನೆ ಹೊಕ್ಕಿತು. ಲೂಡೋ ನಮ್ಮ ಪಚ್ಚೀಸಿಯ ಇಂಗ್ಲಿಷ್ ರೂಪ. ಪಗಡೆಯ ಹಾಸು ಹೀಗೆ ಸೀಮೆಗೆ ಹೋಗಿ, ದೂರವಾಣಿಯ ಪರದೆಯನ್ನೇರಿ, ಅಜ್ಜಿ ಮೊಮ್ಮಕ್ಕಳನ್ನು ಊರು ಬಿಟ್ಟು ಊರಿನಿಂದ ಆಡಿಸಿತು. ಅನೇಕ ಗೆಳೆಯರಿಗೆ ಆಟವೆಂಬುದು ಹರಟೆಗೊಂದು ನೆಪ. ಪರದೆಯ ಮೇಲೆ ಯುದ್ಧ ನಡೆಯುತ್ತಿರುತ್ತದೆ, ಕಿವಿಯಲ್ಲಿ ಕೆಲಸದ ಕಷ್ಟ, ತಂಗಿಯ ಮದುವೆ, ಊರಿನ ಮಳೆ. ಇದನ್ನು ಹಾಳುಹರಟೆ ಎನ್ನುವುದಾದರೆ ಅರಳಿಕಟ್ಟೆಯನ್ನೂ ಹಾಗೆಯೇ ಅನ್ನಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ, ಮೊದಲು ಕೇಳಿದ ಪ್ರಶ್ನೆಗೆ ಏಕೆ ಇಷ್ಟು ತೂಕವಿದೆಯೆಂಬುದನ್ನು ನೋಡೋಣ. ನಿಯಮ ಯಾರ ಕೈಯಲ್ಲಿದೆಯೋ ಆಟದ ಆಯುಸ್ಸೂ ಅವರ ಕೈಯಲ್ಲಿರುತ್ತದೆ. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರು ಓಡಿಸುವ ಆಟವನ್ನು ಹಣ ಕೊಟ್ಟು ಕೊಂಡವರು ಅನೇಕರಿದ್ದರು. ಅದು ತಯಾರಕ ಕಂಪನಿಯಾದ ಯೂಬಿಸಾಫ್ಟಿನ ಕಂಪ್ಯೂಟರುಗಳ ಸಂಪರ್ಕವಿಲ್ಲದೆ ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಕಂಪನಿ ಅವನ್ನು ನಿಲ್ಲಿಸಿತು. ಕೊಂಡವರ ಹತ್ತಿರ ಆಟವಿದ್ದೂ ಆಡಲಾಗದೆ ಹೋಯಿತು. ಕೊಂಡ ಆಟವನ್ನು ಹೀಗೆ ಕೊಲ್ಲಬಾರದೆಂದು ಆ ವರ್ಷವೇ ಯೂರೋಪಿನಲ್ಲಿ ಆಟಗಾರರ ಚಳವಳಿ ಹುಟ್ಟಿತು. ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್ಜಿ ಮೊಬೈಲನ್ನು ನಿಷೇಧಿಸಿದಾಗ, ದಿನಾ ರಾತ್ರಿ ಅದರಲ್ಲಿ ಕಲೆಯುತ್ತಿದ್ದ ಗೆಳೆಯರ ಗುಂಪುಗಳು ಕೂಡುವ ಜಾಗವನ್ನೇ ಕಳೆದುಕೊಂಡವು. ನಿಷೇಧಕ್ಕೆ ಕಾರಣವಿತ್ತೇ ಇಲ್ಲವೇ ಎಂಬುದು ಬೇರೆ ವಿಚಾರ. ಆಟದ ಕೀಲಿ ದೂರದಲ್ಲಿದ್ದರೆ ಬಾಗಿಲು ಮುಚ್ಚುವಾಗ ನಮ್ಮನ್ನು ಕೇಳುವವರಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಆಟದಲ್ಲಿ ಹಣ ಬೆರೆತರಂತೂ ಇದು ಇನ್ನೂ ಕಠಿಣ. ದಾಳ ಯಾರದೋ ಕೈಯಲ್ಲಿದ್ದು ಪಣ ಮಾತ್ರ ನಮ್ಮದಾದರೆ ಏನಾಗುತ್ತದೆಂಬುದು ಪಗಡೆಯ ಹಾಸಿನ ಮುಂದೆ ಕುಳಿತ ಧರ್ಮರಾಯನ ಕಾಲದಿಂದಲೂ ತಿಳಿದ ವಿಷಯ. ಹಣ ಕಟ್ಟಿ ಆಡುವ ಇಂಟರ್‌ನೆಟ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿತು. ಪಣವಿಲ್ಲದ ವಿನೋದದ ಆಟಗಳನ್ನು ಅದು ಬೇರೆಯಾಗಿ ಎಣಿಸಿದೆ. ಗೆಳೆಯರ ಕೂಟಕ್ಕೂ ಈ ಗೆರೆ ಒಳ್ಳೆಯದು.

ಹಾಗೆಂದು ಜಗಲಿಯ ಆಟವೆಲ್ಲ ಭದ್ರವಾಗಿದೆ, ಯಂತ್ರದ್ದು ಮಾತ್ರ ಅಳಿಯುತ್ತದೆ ಎಂದು ತಿಳಿಯಬೇಡಿ. ಅಳಿಗುಳಿಮಣೆಗೆ ಯಾವ ಕಂಪನಿಯ ಅಪ್ಪಣೆಯೂ ಬೇಡ, ನಿಜ. ಆದರೆ ಅಟ್ಟದ ಮೇಲೆ ಮಣೆಯಿದ್ದು, ಆಡುವ ಬಗೆ ತಿಳಿದವರು ಮನೆಯಲ್ಲಿ ಇಲ್ಲವಾದರೆ ಅದೊಂದು ಕುಳಿ ಕೊರೆದ ಮರದ ತುಂಡು. ನಿಮ್ಮ ಮನೆಯಲ್ಲಿ ಆಡುತ್ತಿದ್ದ ಚೌಕಾಬಾರದ ನಿಯಮ ಅಚ್ಚಾದ ಯಾವ ಪುಸ್ತಕದಲ್ಲೂ ಹಾಗೆಯೇ ಇರಲಾರದು. ಅದು ಒಬ್ಬ ಅಜ್ಜಿಯ, ಒಬ್ಬ ಸೋದರತ್ತೆಯ ನೆನಪಿನಲ್ಲಿದೆ. ಆ ನೆನಪಿನೊಡನೆ ಅದೂ ಹೋಗುತ್ತದೆ, ಮತ್ತು ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಯಂತ್ರದ ಆಟ ನಿಂತರೆ ಪತ್ರಿಕೆಯಲ್ಲಿ ಸುದ್ದಿಯಾದರೂ ಬರುತ್ತದೆ.

ಆದ್ದರಿಂದ ಆಟಕ್ಕೆ ಕೂಡುವ ಗೆಳೆಯರಿಗೆ ಕೆಲವು ಸೂಚನೆಗಳನ್ನು ಕೊಟ್ಟು ಮುಗಿಸಬಹುದು. ಮೊದಲು ತಲೆ ಎಣಿಸಿ, ಆಮೇಲೆ ಆಟ ಆರಿಸಿ. ಚೌಕಾಬಾರಕ್ಕೆ ನಾಲ್ವರು ಸಾಕು. ಕಟಾನಿಗೆ ಮೂವರು ಅಥವಾ ನಾಲ್ವರು. ಪಾತ್ರ ವಹಿಸುವ ಆಟಕ್ಕೆ ಸೂತ್ರಧಾರರಲ್ಲದೆ ಮೂವರಿಂದ ಐವರು. ಎಂಟು ಹತ್ತು ಮಂದಿ ಸೇರಿದರೆ ಮಾಫಿಯಾದಂಥ ಮಾತಿನ ಆಟವೇ ಲೇಸು. ಹೊಸಬರಿದ್ದರೆ ನಿಯಮ ತಿಳಿಸುವುದಕ್ಕೆ ಅರ್ಧ ಗಂಟೆ ತೆಗೆದಿಡಿ, ಮೊದಲ ಆಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಂಶಯವಿರುವ ನಿಯಮಗಳನ್ನು ಕವಡೆ ಬೀಳುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ; ಬಿದ್ದ ಮೇಲೆ ಕೊಡುವ ತೀರ್ಪಿನಲ್ಲಿ ಒಬ್ಬರಿಗೆ ನೋವಾಗದೆ ಇರದು. ವಿಡಿಯೋ ಗೇಮ್ ಕೊಳ್ಳುವಾಗ ಒಂದು ಮಾತು ಕೇಳಿ ತಿಳಿದುಕೊಳ್ಳಿ: ಇಂಟರ್‌ನೆಟ್ ಇಲ್ಲದೆ ಇದು ನಡೆಯುತ್ತದೆಯೇ, ಒಂದೇ ಪರದೆಯ ಮುಂದೆ ಇಬ್ಬರು ಕುಳಿತು ಆಡಬಹುದೇ? ನಡೆಯುವುದಾದರೆ ಆ ಆಟ ನಿಮ್ಮ ಮನೆಯಲ್ಲಿ ಹೆಚ್ಚು ಕಾಲ ಬಾಳುತ್ತದೆ.

ಕಡೆಯದಾಗಿ ಇನ್ನೊಂದು ಕೆಲಸ. ಮುಂದಿನ ಸಲ ಊರಿಗೆ ಹೋದಾಗ ಹಿರಿಯರ ಜೊತೆ ಒಂದು ಸುತ್ತು ಚೌಕಾಬಾರಕ್ಕೆ ಕುಳಿತುಕೊಳ್ಳಿ. ಅವರು ಹೇಳುವ ನಿಯಮಗಳನ್ನು, ಕಾಯಿ ಹೊಡೆಯುವ ಕ್ರಮವನ್ನು, ಗಟ್ಟಿಯ ಲೆಕ್ಕವನ್ನು, ಒರಗಿದ ಕವಡೆಯ ತೀರ್ಪನ್ನು ಅವರ ಮಾತಿನಲ್ಲಿಯೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಊರಿನ ಹೆಸರು, ಹೇಳಿದವರ ಹೆಸರು, ತಾರೀಖು ಹಾಕಿ. ಆ ಹಾಳೆಯನ್ನು ಮಡಿಸಿ ಕವಡೆಗಳ ಡಬ್ಬಿಯಲ್ಲಿಯೇ ಇಡಿ. ಅರ್ಧ ಗಂಟೆಯ ಕೆಲಸ. ಇನ್ನು ಮೂವತ್ತು ವರ್ಷದ ಮೇಲೆ ಆ ಡಬ್ಬಿಯನ್ನು ತೆರೆಯುವ ಮಕ್ಕಳಿಗೆ, ಆಡುವುದು ಹೇಗೆಂದು ಕೇಳಲು ಯಾರೂ ಇಲ್ಲದಿದ್ದರೂ, ಆಟ ಸಿಕ್ಕುತ್ತದೆ.